ಲ್ಯಾಬಿನಲ್ಲಿ ನಾಲ್ಕೇ ಕಂಪ್ಯೂಟರ್, ಎಐ ಹೇಗೆ ಕಲಿಸಲಿ?

ಪ್ರಶ್ನೆ: ನಾನು ಯಶವಂತಪುರದ ಕಡೆ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಈ ವರ್ಷ 8 ಮತ್ತು 9ನೇ ಕ್ಲಾಸಿಗೆ ವಾರಕ್ಕೊಂದು ಪೀರಿಯಡ್ ಎಐ ಬಗ್ಗೆ ಹೇಳಿಕೊಡಿ ಎಂದು ಎಚ್‌ಎಂ ನನಗೆ ವಹಿಸಿದ್ದಾರೆ. ನಾನು ಓದಿದ್ದು ಬಿಎಸ್ಸಿ, ಬಿಎಡ್. ಕೋಡಿಂಗ್ ಬರುವುದಿಲ್ಲ. ಲ್ಯಾಬಿನಲ್ಲಿ ಆನ್ ಆಗುವುದು ನಾಲ್ಕು ಕಂಪ್ಯೂಟರ್, ನೆಟ್ ಬಂದರೆ ಬಂತು. ಮಕ್ಕಳು ಮಾತ್ರ ಮನೆಯಲ್ಲಿ ಅಪ್ಪ ಅಮ್ಮನ ಫೋನಿನಲ್ಲಿ ಆಗಲೇ ಎಐ ಬಳಸುತ್ತಿದ್ದಾರೆ. ಕನ್ನಡ ಟೀಚರ್ ಕೆಂಪೇಗೌಡರ ಮೇಲೆ ಪ್ರಬಂಧ ಬರೆಸಿದರೆ ಐದಾರು ಮಕ್ಕಳದ್ದು ಒಂದೇ ಧಾಟಿ. ಒಬ್ಬಳಂತೂ "ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆ ಇಂದಿಗೂ ಪ್ರವಾಸಿಗರನ್ನು ಆಕರ್ಷಿಸುತ್ತಿದೆ, ಇಲ್ಲಿ ದೋಣಿ ವಿಹಾರವೂ ಇದೆ" ಎಂದು ಬರೆದಿದ್ದಾಳೆ! "ಅದಕ್ಕೆ ಮೆದುಳು ಇದೆಯಾ ಮಿಸ್?", "ನಮ್ಮ ಕೆಲಸ ಎಲ್ಲ ಅದೇ ಕಿತ್ತುಕೊಳ್ಳುತ್ತಾ ಮಿಸ್?" ಎಂದು ಕೇಳುತ್ತಾರೆ. ಇದರ ಮಧ್ಯೆ ಒಂದು ಖಾಸಗಿ ಕಂಪನಿಯವರು ಬಂದು, ಮಗುವಿಗೆ ಇಷ್ಟು ಅಂತ ಫೀಸು ಕೊಟ್ಟರೆ ಎಐ ಲ್ಯಾಬ್ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಪೋಷಕರಲ್ಲಿ ಆಟೋ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರೇ ಜಾಸ್ತಿ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಗಂಟು ಬಿದ್ದಿವೆ. ನನಗೇ ಗೊತ್ತಿಲ್ಲದ್ದನ್ನು ಹೇಗೆ ಕಲಿಸಲಿ ಅನ್ನುವುದು ಒಂದು. ಸಲಕರಣೆ ಇಲ್ಲವಲ್ಲ ಅನ್ನುವುದು ಇನ್ನೊಂದು. ಮಕ್ಕಳು ಆಗಲೇ ನಕಲು ಹೊಡೆಯಲು ಶುರು ಮಾಡಿದ್ದಾರೆ ಅನ್ನುವುದು ಮೂರನೆಯದು. ಮೊದಲ ಎರಡು ನೀವು ಅಂದುಕೊಂಡಷ್ಟು ದೊಡ್ಡವಲ್ಲ. ನಾನು ಇದೇ ಊರಿನಲ್ಲಿ ಬಹಳ ವರ್ಷಗಳಿಂದ ಮೆಷಿನ್ ಲರ್ನಿಂಗ್, ಅಂದರೆ ಯಂತ್ರಕ್ಕೆ ಕಲಿಸುವ ಕೆಲಸ ಮಾಡಿಕೊಂಡಿದ್ದೇನೆ, ಬಿಡುವಾದಾಗ ಶಾಲೆಗಳಲ್ಲಿ ಕ್ಲಾಸ್ ತಗೊಳ್ಳುತ್ತೇನೆ. ಕಂಪ್ಯೂಟರ್ ಲ್ಯಾಬ್ ಚೆನ್ನಾಗಿರುವ ಶಾಲೆಗಳಲ್ಲೇ ಎಐ ಪಾಠ ಜಾಸ್ತಿ ಹಳ್ಳ ಹಿಡಿಯುವುದನ್ನು ನೋಡಿದ್ದೇನೆ. ಮಕ್ಕಳು ಬಟನ್ ಒತ್ತುತ್ತಾರೆ, ಏನೋ ಬರುತ್ತದೆ, ಚಪ್ಪಾಳೆ. ಒಳಗೆ ಏನಾಯಿತು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ನಿಮ್ಮ ಹುಡುಗಿ ಬರೆದ ಧರ್ಮಾಂಬುಧಿ ಕೆರೆಯ ಸಾಲು ಇದೆಯಲ್ಲ, ನಿಮ್ಮ ಮೊದಲ ಪಾಠ ಅದೇ. ಆ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ. ನಿಮ್ಮ ಮಕ್ಕಳಲ್ಲಿ ಅಲ್ಲಿ ಬಸ್ ಹತ್ತದವರು ಯಾರೂ ಇರಲಿಕ್ಕಿಲ್ಲ. ಹಾಗಿದ್ದೂ ಆ ಸಾಲು ಓದಲು ಎಷ್ಟು ನೀಟಾಗಿದೆ ನೋಡಿ! ಕೆರೆಯ ಬಗ್ಗೆ ಬರೆದ ಪ್ರವಾಸಿ ಲೇಖನಗಳಲ್ಲಿ "ಕಟ್ಟಿಸಿದ ಕೆರೆ" ಎಂದಾದ ಮೇಲೆ "ಇಂದಿಗೂ ಆಕರ್ಷಿಸುತ್ತಿದೆ" ಎಂದು ಬರುವುದು ಮಾಮೂಲು, ಆಮೇಲೆ ದೋಣಿ ವಿಹಾರ ಬರುತ್ತದೆ. ಯಂತ್ರ ಆ ರೂಢಿಯ ಜಾಡಿನಲ್ಲಿ ಹೋಗಿದೆ. ಅದು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಬೇಕಾದರೆ ನಿಜ ಏನೆಂದು ಗೊತ್ತಿರಬೇಕು. ಮುಂದೆ ಯಾವ ಮಾತು ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿತು, ಅಷ್ಟೇ.

ಈ "ಮುಂದಿನ ಮಾತು" ಏನೆಂದು ಮಕ್ಕಳಿಗೆ ತೋರಿಸಲು ಒಂದು ಪೀರಿಯಡ್ ಸಾಕು. ಎಲ್ಲರ ಕೈಗೂ ಒಂದು ಚೀಟಿ ಕೊಡಿ. ಬೋರ್ಡಿನ ಮೇಲೆ "ಒಂದಾನೊಂದು ಕಾಲದಲ್ಲಿ ಒಂದು ಊರಿನಲ್ಲಿ ಒಬ್ಬ..." ಎಂದು ಬರೆದು ನಿಲ್ಲಿಸಿ. ಮುಂದಿನ ಒಂದೇ ಒಂದು ಪದ ಬರೆಯಲಿ, ಪಕ್ಕದವರದ್ದು ನೋಡುವಂತಿಲ್ಲ. ರಾಜ, ರೈತ, ಮುದುಕ, ಬಡವ ಬರುತ್ತವೆ, ಒಂದೆರಡು ಕಿಲಾಡಿ ಉತ್ತರಗಳೂ ಬರುತ್ತವೆ. ಎಣಿಸಿ. 40 ಮಕ್ಕಳಲ್ಲಿ 24 ಜನ ರಾಜ ಎಂದರೆ ಅದು ಶೇ 60. ಸಂಭವನೀಯತೆ ನಿಮ್ಮದೇ ಸಬ್ಜೆಕ್ಟು. ಆಮೇಲೆ "ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಒಬ್ಬ..." ಎಂದು ಬರೆಯಿರಿ. ಕೊನೆಯ ಪದ ಎರಡರಲ್ಲೂ "ಒಬ್ಬ". ಈಗ ಒಬ್ಬನೂ ರಾಜ ಎನ್ನುವುದಿಲ್ಲ. (ಕ್ಲಾಸಿನಲ್ಲಿ ರಾಜ ಅನ್ನುವ ಹುಡುಗ ಇದ್ದರೆ ಮಾತು ಬೇರೆ.) ಯಾಕೆ ಬದಲಾಯಿತು ಎಂದು ಕೇಳಿ. "ಹಿಂದೆ ಇರೋ ಮಾತು ಬೇರೆ ಮಿಸ್" ಎಂದು ಅವರೇ ಹೇಳುತ್ತಾರೆ. ಚಾಟ್‌ಜಿಪಿಟಿಯಂಥವು ಮಾಡುವ ಮುಖ್ಯ ಕೆಲಸ ಇದೇ. ಹಿಂದಿನ ಮಾತುಗಳನ್ನೆಲ್ಲ ನೋಡಿ, ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ಲೆಕ್ಕ ಹಾಕಿ, ಮುಂದಿನದ್ದನ್ನು ಆರಿಸುವುದು. ಪ್ರತಿ ಸಲ ಅತಿ ಹೆಚ್ಚು ಅಂಕ ಬಂದ ಪದವನ್ನೇ ಆರಿಸುವುದಿಲ್ಲ, ಸ್ವಲ್ಪ ಚೀಟಿ ಎತ್ತುವ ಲೆಕ್ಕವೂ ಇರುತ್ತದೆ. ಅದಕ್ಕೇ ಒಂದೇ ಪ್ರಶ್ನೆಗೆ ಪದಗಳು ಬೇರೆ ಬೇರೆ ಬರುತ್ತವೆ, ಧಾಟಿ ಮಾತ್ರ ಒಂದೇ. ನಿಮ್ಮ ಐದಾರು ಪ್ರಬಂಧಗಳ ಕಥೆ ಅದೇ.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ ಎನ್ನುವುದನ್ನೂ ಹೇಳಿ. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೊವ್, ಪುಷ್ಕಿನ್ ಬರೆದ ಒಂದು ಕಾವ್ಯದ 20,000 ಅಕ್ಷರಗಳನ್ನು ತಗೊಂಡು ಸ್ವರ ಆದ ಮೇಲೆ ವ್ಯಂಜನ ಎಷ್ಟು ಸಲ, ವ್ಯಂಜನ ಆದ ಮೇಲೆ ಸ್ವರ ಎಷ್ಟು ಸಲ ಎಂದು ಕೈಯಲ್ಲೇ ಎಣಿಸಿದ. ನಿಮ್ಮ ಮಕ್ಕಳು ಕನ್ನಡ ಪಠ್ಯದ ಒಂದು ಪುಟದಲ್ಲಿ ಇದನ್ನೇ ಮಾಡಬಹುದು. "ಬೆಂ" ಆದ ಮೇಲೆ ಏನೇನು ಬಂತು, "ಗ" ಬಂತಾ, "ಕಿ" ಬಂತಾ ಎಂದು.

ಎರಡನೇ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಹತ್ತು ಪೇಪರ್ ಲೋಟ, ಎರಡು ಬಣ್ಣದ ಮಣಿ, ಹತ್ತು ಕಡ್ಡಿ. ಇದರಲ್ಲಿ ಕಲಿಯುವ ಯಂತ್ರ ಮಾಡಬಹುದು, ನಿಜವಾಗಿ ಕಲಿಯುವಂಥದ್ದು.

ಆಟ ಇದು. ಮೇಜಿನ ಮೇಲೆ ಹತ್ತು ಕಡ್ಡಿ. ಇಬ್ಬರು ಸರದಿಯ ಮೇಲೆ ಒಂದು ಅಥವಾ ಎರಡು ಕಡ್ಡಿ ತೆಗೆಯಬೇಕು. ಕೊನೆಯ ಕಡ್ಡಿ ಯಾರ ಕೈಗೆ ಬರುತ್ತದೋ ಅವರು ಗೆದ್ದರು. ಒಂದು ಕಡೆ ಮಗು, ಇನ್ನೊಂದು ಕಡೆ ಲೋಟಗಳು. ಲೋಟಗಳಿಗೆ 1ರಿಂದ 10ರವರೆಗೆ ನಂಬರ್ ಬರೆಯಿರಿ, ಪ್ರತಿಯೊಂದರಲ್ಲೂ ಮೂರು ಕೆಂಪು, ಮೂರು ಬಿಳಿ ಮಣಿ ಹಾಕಿ. ಕೆಂಪು ಎಂದರೆ ಒಂದು ಕಡ್ಡಿ ತೆಗಿ, ಬಿಳಿ ಎಂದರೆ ಎರಡು. 1ನೇ ಲೋಟದಲ್ಲಿ ಬರೀ ಕೆಂಪು ಇರಲಿ, ಅಲ್ಲಿ ಎರಡು ತೆಗೆಯಲು ಆಗುವುದಿಲ್ಲವಲ್ಲ. ಮೊದಲ ಆಟ ಯಾವಾಗಲೂ ಲೋಟದ್ದು. ಮೇಜಿನ ಮೇಲೆ 7 ಕಡ್ಡಿ ಇದ್ದು ಲೋಟದ ಸರದಿ ಬಂದರೆ, 7ನೇ ಲೋಟವನ್ನು ಅಲ್ಲಾಡಿಸಿ, ಕಣ್ಣು ಮುಚ್ಚಿ ಒಂದು ಮಣಿ ತೆಗೆದು, ಅದು ಹೇಳಿದಂತೆ ಕಡ್ಡಿ ತೆಗೆಯುವುದು. ಮಣಿಯನ್ನು ಲೋಟದ ಮುಂದೆಯೇ ಇಡಿ. ಆಟ ಮುಗಿದ ಮೇಲೆ ಲೋಟಗಳ ಕಡೆ ಗೆದ್ದಿದ್ದರೆ ಹೊರಗಿಟ್ಟ ಮಣಿಗಳನ್ನೆಲ್ಲ ವಾಪಸ್ ಹಾಕಿ, ಜೊತೆಗೆ ಅದೇ ಬಣ್ಣದ್ದು ಇನ್ನೊಂದೊಂದು ಸೇರಿಸಿ. ಸೋತರೆ ಹೊರಗಿಟ್ಟ ಮಣಿಗಳನ್ನು ವಾಪಸ್ ಹಾಕಬೇಡಿ. ಯಾವುದಾದರೂ ಲೋಟ ಖಾಲಿಯಾದರೆ ಮತ್ತೆ ಮೂರು ಮೂರು ತುಂಬಿ.

ಶುರುವಿನಲ್ಲಿ ಲೋಟಗಳು ಪೆದ್ದುಪೆದ್ದಾಗಿ ಆಡುತ್ತವೆ, ಮಕ್ಕಳು ನಗುತ್ತಾರೆ. ಆಡುತ್ತಾ ಆಡುತ್ತಾ ನಗು ಕಡಿಮೆಯಾಗುತ್ತದೆ. ಮಕ್ಕಳು ಮನಸ್ಸಿಟ್ಟು ಆಡಿದ್ದರೆ 8ನೇ ಲೋಟದಲ್ಲಿ ಬಿಳಿ ತುಂಬಿಕೊಳ್ಳುತ್ತದೆ, 4ನೆಯದರಲ್ಲಿ ಕೆಂಪು. 3 ಮತ್ತು 6ನೇ ಲೋಟಗಳು ಮಾತ್ರ ಪದೇ ಪದೇ ಬರಿದಾಗುತ್ತವೆ. ಯಾಕೆಂದರೆ ಎದುರಾಳಿ ಸರಿಯಾಗಿ ಆಡಿದರೆ ಅಲ್ಲಿಂದ ಗೆಲ್ಲುವ ದಾರಿಯೇ ಇಲ್ಲ. ಮೂರರ ಗುಣಕದಲ್ಲಿ ಸಿಕ್ಕಿಕೊಂಡವನು ಸೋಲುತ್ತಾನೆ ಎಂದು ಯಾರೂ ಆ ಲೋಟಗಳಿಗೆ ಹೇಳಿಕೊಟ್ಟಿಲ್ಲ, ಹಾಗಿದ್ದೂ ಆ ನಿಯಮ ಮಣಿಗಳ ಲೆಕ್ಕದಲ್ಲಿ ಬಂದು ಕೂತಿದೆ. ಯಂತ್ರ "ಕಲಿಯುತ್ತದೆ" ಎಂದರೆ ಇಷ್ಟೇ ಅರ್ಥ, ಇದಕ್ಕಿಂತ ಕಡಿಮೆ ಇಲ್ಲ, ಜಾಸ್ತಿಯೂ ಇಲ್ಲ.

ಇನ್ನೂ ಎರಡು ವಿಷಯ ಇದೇ ಮೇಜಿನ ಮೇಲೆ ಸಿಗುತ್ತವೆ. 9ನೇ ಲೋಟ ನೋಡಿ. ಮೊದಲ ಆಟ ಯಂತ್ರದ್ದೇ ಆದ್ದರಿಂದ ಅದರ ಸರದಿಯಲ್ಲಿ 9 ಕಡ್ಡಿ ಬರುವುದೇ ಇಲ್ಲ. ಇಡೀ ಪೀರಿಯಡ್ ಆಡಿದರೂ ಆ ಲೋಟದಲ್ಲಿ ಮೂರು ಕೆಂಪು, ಮೂರು ಬಿಳಿ ಹಾಗೇ ಇರುತ್ತವೆ. ನೋಡದೇ ಇದ್ದದ್ದರ ಬಗ್ಗೆ ಯಂತ್ರಕ್ಕೆ ಏನೂ ಗೊತ್ತಿಲ್ಲ, ಆದರೂ ಕೇಳಿದರೆ ಮಣಿ ಎತ್ತಿ ಕೊಟ್ಟೇ ಕೊಡುತ್ತದೆ. "ನನಗೆ ಗೊತ್ತಿಲ್ಲ" ಅನ್ನುವ ಮಣಿ ಆ ಲೋಟದಲ್ಲಿ ಇಲ್ಲವಲ್ಲ.

ಎರಡನೆಯದನ್ನು ನನಗೆ ತೋರಿಸಿಕೊಟ್ಟದ್ದು ಪೀಣ್ಯ ಕಡೆಯ ಒಂದು ಶಾಲೆಯ ಹುಡುಗ. ಅವನು ಬೇಕಂತಲೇ ಸೋಲುತ್ತಿದ್ದ. 5 ಕಡ್ಡಿ ಇದ್ದಾಗ ಲೋಟ ತಪ್ಪಾಗಿ ಒಂದೇ ತೆಗೆದರೂ ಇವನು ಅದನ್ನು ಗೆಲ್ಲಿಸಿಬಿಡುತ್ತಿದ್ದ. ತಪ್ಪು ಆಟಕ್ಕೂ ಮಣಿ ಬಹುಮಾನ. ಆಮೇಲೆ ಚೆನ್ನಾಗಿ ಆಡುವ ಹುಡುಗಿಯನ್ನು ಕೂರಿಸಿದರೆ ಯಂತ್ರ ಹಿಗ್ಗಾಮುಗ್ಗಾ ಸೋತಿತು. "ಸರ್, ನಾನು ಅದನ್ನ ಕೆಡಿಸಿಬಿಟ್ಟೆ" ಎಂದು ಹೆಮ್ಮೆಯಿಂದ ಹೇಳಿದ. ಕೆಟ್ಟ ಡೇಟಾ ಬಗ್ಗೆ ನಾನು ಸ್ಲೈಡ್ ಹಾಕಿ ಒಂದು ಗಂಟೆ ಮಾತಾಡಿದ್ದರೂ ಇಷ್ಟು ತಲೆಗೆ ಹೋಗುತ್ತಿರಲಿಲ್ಲ.

ಈ ಲೋಟದಾಟದ ಅಜ್ಜ ಒಬ್ಬ ಇದ್ದಾನೆ. ಎರಡನೇ ಮಹಾಯುದ್ಧದಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಜೊತೆ ಗೂಢಲಿಪಿ ಒಡೆಯುವ ಕೇಂದ್ರದಲ್ಲಿದ್ದ ಡೊನಾಲ್ಡ್ ಮಿಕಿ, 1961ರಲ್ಲಿ 304 ಬೆಂಕಿಪೊಟ್ಟಣಗಳನ್ನು ಜೋಡಿಸಿ ಸೊನ್ನೆ-ಗುಣಾಕಾರ ಚಿಹ್ನೆ ಹಾಕುವ ಆಟ ಆಡುವ ಯಂತ್ರ ಮಾಡಿದ. ಅದರಲ್ಲಿ ವೈರೂ ಇಲ್ಲ, ಕರೆಂಟೂ ಇಲ್ಲ.

ಈಗ ಫೋನಿನೊಳಗಿನ ಎಐಗೆ ಬರೋಣ. ನಿಮ್ಮಲ್ಲಿ ಹತ್ತು ಲೋಟದ ಮಣಿ ಲೆಕ್ಕ ಇದ್ದ ಹಾಗೆ, ಚಾಟ್‌ಜಿಪಿಟಿಗೂ ಮೊದಲು 2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷೆಯ ಯಂತ್ರದಲ್ಲಿ 17,500 ಕೋಟಿ ಸಂಖ್ಯೆಗಳಿದ್ದವು. ಕಲಿಸುವುದು ಎಂದರೆ ಆ ಸಂಖ್ಯೆಗಳನ್ನು ಚೂರು ಚೂರೇ ತಿದ್ದುವುದು. ಒಂದು ವ್ಯತ್ಯಾಸ ಇದೆ, ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ. ಲೋಟದಲ್ಲಿ ಆಟ ಮುಗಿದ ಮೇಲೆ ಬಹುಮಾನ. ಭಾಷೆಯ ಯಂತ್ರ ಮೊದಲ ಹಂತದಲ್ಲಿ ಹಾಗೆ ಕಲಿಯುವುದಿಲ್ಲ. ಅದಕ್ಕೆ ಜನ ಬರೆದ ರಾಶಿ ರಾಶಿ ಪಠ್ಯ ಕೊಟ್ಟು, ಮುಂದಿನ ತುಣುಕು ಊಹಿಸು ಎಂದು ಹೇಳಿ, ಅಸಲು ಪಠ್ಯದಲ್ಲಿ ಇದ್ದದ್ದಕ್ಕೂ ಅದರ ಊಹೆಗೂ ಎಷ್ಟು ಅಂತರ ಇದೆಯೋ ಅಷ್ಟಕ್ಕೆ ತಕ್ಕಂತೆ ಸಂಖ್ಯೆಗಳನ್ನು ತಿದ್ದುತ್ತಾರೆ. ಇದು ಕೋಟ್ಯಂತರ ಸಲ ನಡೆಯುತ್ತದೆ. ಅದಾದ ಮೇಲೆ ಮನುಷ್ಯರು ಕೂತು "ಈ ಉತ್ತರ ವಾಸಿ, ಆ ಉತ್ತರ ಬೇಡ" ಎಂದು ಹೇಳುತ್ತಾರೆ. ಅಲ್ಲಿ ಮಾತ್ರ ನಿಮ್ಮ ಮಣಿ ಬಹುಮಾನದ ತರಹದ್ದೇ ಲೆಕ್ಕ. ಆ ವಿನಯ, ಆ "ಖಂಡಿತ, ಸಹಾಯ ಮಾಡುತ್ತೇನೆ" ಎಲ್ಲ ಬಹುಪಾಲು ಈ ಎರಡನೇ ಸುತ್ತಿನಲ್ಲಿ ಬಂದದ್ದು.

ಮೆದುಳು ಇದೆಯಾ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. "ನ್ಯೂರಲ್ ನೆಟ್‌ವರ್ಕ್" ಎಂಬ ಹೆಸರು ನರಕೋಶದಿಂದ ಎರವಲು ತಂದದ್ದು, ಒಳಗೆ ನಡೆಯುವುದು ಗುಣಾಕಾರ, ಸಂಕಲನ. ಇನ್ನರ್ಧ ಸ್ವಲ್ಪ ನಾಜೂಕು. ಕೆಲವು ಮಕ್ಕಳು "ಅದು ನನ್ನ ಜೊತೆ ಎಷ್ಟು ಚೆನ್ನಾಗಿ ಮಾತಾಡುತ್ತೆ ಗೊತ್ತಾ" ಎನ್ನುತ್ತಾರೆ. ನಗಬೇಡಿ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ಎಲೈಝಾ ಎಂಬ ಪುಟ್ಟ ಪ್ರೋಗ್ರಾಂ ಬಗ್ಗೆ ಬರೆದ. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಬಿಟ್ಟರೆ ಅದಕ್ಕೆ ಬೇರೆ ಹೆಚ್ಚೇನೂ ಬರುತ್ತಿರಲಿಲ್ಲ. ಅದು ಹೇಗೆ ತಯಾರಾಯಿತು ಎಂದು ಹತ್ತಿರದಿಂದ ನೋಡಿದ್ದ ಅವನ ಸೆಕ್ರೆಟರಿಯೇ, ಅದರ ಜೊತೆ ಮಾತಾಡುವಾಗ ನೀವು ಸ್ವಲ್ಪ ಆಚೆ ಹೋಗಿ ಎಂದಳಂತೆ. ದೊಡ್ಡವರಿಗೇ ಹಾಗಾದರೆ ಹದಿಮೂರು ವರ್ಷದ ಮಕ್ಕಳು ಯಾವ ಲೆಕ್ಕ, ಅಲ್ವಾ?

ಇನ್ನೊಂದು ತಪ್ಪು ಕಲ್ಪನೆ ದೊಡ್ಡವರಲ್ಲೇ ಜಾಸ್ತಿ. ಎಐ ಎಲ್ಲಿಂದಲೋ ಉತ್ತರ ಹುಡುಕಿ ತಂದುಕೊಡುತ್ತದೆ, ಗೂಗಲ್ ಸರ್ಚ್ ತರಹ ಎಂದುಕೊಳ್ಳುತ್ತಾರೆ. ಈಗ ಕೆಲವು ಆಪ್‌ಗಳು ಇಂಟರ್ನೆಟ್ ಹುಡುಕಿ, ಲಿಂಕ್ ಕೊಟ್ಟು ಬರೆಯುತ್ತವೆ, ನಿಜ. ಆಗ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹುಡುಕದೆ ಬರೆದಾಗಲಂತೂ ಅದು ಹೊಸೆದು ಕೊಡುವುದೇ ಹೊರತು ತಂದು ಕೊಡುವುದಲ್ಲ. ಇದನ್ನು ಪರೀಕ್ಷಿಸಲು ವಚನಕ್ಕಿಂತ ಒಳ್ಳೆ ವಸ್ತು ಇಲ್ಲ. ಅಷ್ಟೇನೂ ಪ್ರಸಿದ್ಧರಲ್ಲದ ಒಬ್ಬ ವಚನಕಾರರ ಹೆಸರು ಹೇಳಿ ಒಂದು ವಚನ ಕೊಡು ಎಂದು ಕೇಳಿ. ಸಾಲು ಬರುತ್ತದೆ, ಧಾಟಿ ಬರುತ್ತದೆ, ಕೊನೆಗೆ ಅಂಕಿತವೂ ಬರುತ್ತದೆ. ಆಮೇಲೆ ನಿಮ್ಮ ಲೈಬ್ರರಿಯ ವಚನ ಸಂಪುಟದಲ್ಲಿ ಹುಡುಕಲು ಹೇಳಿ. ಎಷ್ಟೋ ಸಲ ಅಂಥ ವಚನವೇ ಇರುವುದಿಲ್ಲ, ಅಥವಾ ಒಬ್ಬರ ಅಂಕಿತ ಇನ್ನೊಬ್ಬರಿಗೆ ಹೋಗಿರುತ್ತದೆ. ಇಂಗ್ಲಿಷಿಗೆ ಹೋಲಿಸಿದರೆ ಇಂಟರ್ನೆಟ್‌ನಲ್ಲಿ ಕನ್ನಡ ಪಠ್ಯ ಬಹಳ ಕಡಿಮೆ. 9ನೇ ಲೋಟವನ್ನು ನೆನಪಿಸಿದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ.

ನೆಟ್ ಬಂದ ದಿನ, ಕ್ಯಾಮೆರಾ ಇರುವ ಒಂದು ಕಂಪ್ಯೂಟರ್ ಸಿಕ್ಕರೆ ಚಿತ್ರ ತೋರಿಸಿ ಯಂತ್ರಕ್ಕೆ ಗುರುತು ಹಿಡಿಯಲು ಕಲಿಸುವ, ಗೂಗಲ್‌ನ ಟೀಚಬಲ್ ಮೆಷಿನ್ ಎಂಬ ವೆಬ್‌ಸೈಟ್ ತೆರೆಯಿರಿ. ದುಡ್ಡು ಬೇಡ, ಕೋಡಿಂಗ್ ಬೇಡ. ಹೀರೆಕಾಯಿ, ಹಾಗಲಕಾಯಿ ತನ್ನಿ. ಹೀರೆಕಾಯಿಯ ಚಿತ್ರಗಳನ್ನೆಲ್ಲ ಹಸಿರು ಬೋರ್ಡಿನ ಮುಂದೆ ತೆಗೆಯಿರಿ, ಹಾಗಲಕಾಯಿಯದ್ದನ್ನೆಲ್ಲ ಬಿಳಿ ಗೋಡೆಯ ಮುಂದೆ. ಕಲಿಸಿದ ಮೇಲೆ ಹಾಗಲಕಾಯಿಯನ್ನು ಬೋರ್ಡಿನ ಮುಂದೆ ಹಿಡಿಯಿರಿ. ಹೀರೆಕಾಯಿ ಎನ್ನುವ ಸಾಧ್ಯತೆ ಚೆನ್ನಾಗಿಯೇ ಇದೆ, ಅದು ಕಲಿತದ್ದು ಕಾಯಿಯನ್ನಲ್ಲ, ಹಿಂದಿನ ಬಣ್ಣವನ್ನು. ದೊಡ್ಡ ಕಂಪನಿಗಳ ಯಂತ್ರಗಳಲ್ಲೂ ಇದೇ ಜಾತಿಯ ತಪ್ಪು ಆಗಿದೆ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವ್ಯವಸ್ಥೆಗಳನ್ನು 2018ರಲ್ಲಿ ಸಂಶೋಧಕಿಯರಾದ ಜಾಯ್ ಬ್ಯೂಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿದಾಗ, ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಚರ್ಮದ ಹೆಂಗಸರಲ್ಲಿ ಶೇ 34.7ರವರೆಗೆ. ಆದರೆ ನಿಮ್ಮ ಕ್ಲಾಸಿನಲ್ಲಿ ಮಕ್ಕಳ ಮುಖ ಬಳಸಬೇಡಿ, ತರಕಾರಿಯೇ ಸಾಕು.

ಪ್ರಬಂಧದ ವಿಷಯ. ಎಐ ಬರೆದದ್ದನ್ನು ಪತ್ತೆ ಮಾಡುವ ಆಪ್‌ಗಳನ್ನು ನಂಬಿ ಮಗುವಿಗೆ ಶಿಕ್ಷೆ ಕೊಡಬೇಡಿ ಎಂದು ಕನ್ನಡ ಟೀಚರ್‌ಗೆ ಹೇಳಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ಬಿಟ್ಟು, ಸರಿಯಾಗಿ ಪತ್ತೆ ಮಾಡುತ್ತಿಲ್ಲ ಎಂದು ಜುಲೈನಲ್ಲಿ ವಾಪಸ್ ತಗೊಂಡಿತು. ಸ್ವಂತ ಬುದ್ಧಿಯಿಂದ ಚೆನ್ನಾಗಿ ಬರೆದ ಮಗು ಸಿಕ್ಕಿಹಾಕಿಕೊಳ್ಳುವ ಅಪಾಯ ದೊಡ್ಡದು. ಅದರ ಬದಲು ಪ್ರಶ್ನೆಯನ್ನೇ ಬದಲಿಸಿ. "ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಏನಿತ್ತು, ಅಜ್ಜಿಯನ್ನೋ ಅಂಗಡಿಯವರನ್ನೋ ಕೇಳಿ ಬರೆಯಿರಿ" ಎಂದರೆ ಎಐ ಹತ್ತಿರ ಹೋಗಿ ಹೆಚ್ಚು ಪ್ರಯೋಜನ ಇಲ್ಲ. ಅಥವಾ ಎಐ ಪ್ರಬಂಧವನ್ನು ನೀವೇ ಪ್ರಿಂಟ್ ಹಾಕಿ ಕೊಟ್ಟು, ತಪ್ಪು ಹುಡುಕಲು ಹೇಳಿ. ಧರ್ಮಾಂಬುಧಿಯ ಸಾಲಿನಿಂದಲೇ ಶುರು ಮಾಡಬಹುದು, ಬರೆದವಳ ಹೆಸರು ಮಾತ್ರ ಹೇಳಬೇಡಿ.

ಈಗ ಕಂಪನಿಯವರ ಲ್ಯಾಬ್. ಎಲ್ಲರೂ ಮೋಸಗಾರರು ಎನ್ನುವುದಿಲ್ಲ, ಕೆಲವರು ಶ್ರದ್ಧೆಯಿಂದ ಕಲಿಸುತ್ತಾರೆ. ಸಹಿ ಹಾಕುವ ಮೊದಲು ಎಚ್‌ಎಂ ಎದುರಿಗೇ ಕೇಳಿ: ಮೊದಲ ಪೀರಿಯಡ್‌ನಲ್ಲಿ ಮಕ್ಕಳು ಕೈಯಾರೆ ಏನು ಮಾಡುತ್ತಾರೆ? ಪಾಠ ಕನ್ನಡದಲ್ಲಿ ಇದೆಯಾ? ಒಂದು ವರ್ಷ ಆದ ಮೇಲೆ ಫೀಸು ಕಟ್ಟದಿದ್ದರೆ ಶಾಲೆಯಲ್ಲಿ ಏನು ಉಳಿಯುತ್ತದೆ? ಮಕ್ಕಳ ಹೆಸರು, ಫೋನ್ ನಂಬರ್, ಫೋಟೋ ಯಾರ ಹತ್ತಿರ ಹೋಗುತ್ತವೆ? ಕೊನೆಯದಕ್ಕೆ ಉತ್ತರ ತಡವರಿಸಿದರೆ ಅಲ್ಲೇ ಮುಗಿಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎಂದೇ ನೋಡುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಪಠ್ಯ ಬೇಕೆಂದರೆ, ಸಿಬಿಎಸ್‌ಇ 2019-20ರಿಂದಲೇ 9ನೇ ಕ್ಲಾಸಿಗೆ ಎಐಯನ್ನು ಕೌಶಲ ವಿಷಯವಾಗಿ ಇಟ್ಟಿದೆ, ಅವರ ಸಾಮಗ್ರಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷಿನಲ್ಲಿದೆ, ಒಣ ಒಣ ಅನಿಸಬಹುದು, ನಿಮ್ಮ ತಯಾರಿಗೆ ಸಾಕು. ಇನ್ನೊಂದು ದಾರಿ, ಮಕ್ಕಳಿಗೇ ಫೋನ್ ಕೊಟ್ಟು ಎಐ ಬಳಸಲು ಬಿಡುವುದು. ನಾನಾದರೆ ಈ ವಯಸ್ಸಿಗೆ ಬೇಡ ಎನ್ನುತ್ತೇನೆ. ಚಾಟ್‌ಜಿಪಿಟಿಯ ನಿಯಮದಲ್ಲೇ 13 ವರ್ಷ ಆಗಿರಬೇಕು, 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು ಎಂದಿದೆ. ನಿಮ್ಮ 8ನೇ ಕ್ಲಾಸಿನಲ್ಲಿ ಅರ್ಧ ಮಕ್ಕಳು ಆ ಗಡಿಯ ಆಚೀಚೆ ಇರುತ್ತಾರೆ. ನಿಮ್ಮದೇ ಫೋನಿನಲ್ಲಿ, ನಿಮ್ಮದೇ ಖಾತೆಯಲ್ಲಿ, ಎಲ್ಲರ ಎದುರಿಗೆ ನೀವೇ ಪ್ರಶ್ನೆ ಕೇಳಿ ತೋರಿಸಿ. ಉತ್ತರ ಬರುವ ಮೊದಲು "ಏನು ಹೇಳಬಹುದು?" ಎಂದು ಮಕ್ಕಳಿಂದ ಊಹೆ ಬರೆಸಿ.

ಕೆಲಸದ ಪ್ರಶ್ನೆಗೆ ಸಕ್ಕರೆ ಹಚ್ಚಬೇಡಿ. ಟೈಪಿಂಗ್, ಡೇಟಾ ಎಂಟ್ರಿ, ಅನುವಾದದ ಮೊದಲ ಕರಡು, ಕಾಲ್ ಸೆಂಟರಿನ ಸಿದ್ಧ ಉತ್ತರ, ಇಂಥವು ಆಗಲೇ ಬದಲಾಗುತ್ತಿವೆ, ನನ್ನ ಆಫೀಸಿನಲ್ಲೂ ಶುರುವಿನ ಹಂತದ ಕೋಡಿಂಗ್ ಕೆಲಸದ ಸ್ವರೂಪ ಬದಲಾಗಿದೆ. "ಎಐ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿ" ಎನ್ನುವುದೂ ಅಷ್ಟೇ ಸುಳ್ಳು. ಆಟೋ ಓಡಿಸುವ ಅಪ್ಪ ಸಾಲ ಮಾಡಿ ಅಂಥ ಕೋರ್ಸಿಗೆ ದುಡ್ಡು ಕಟ್ಟದಂತೆ ಪೋಷಕರ ಸಭೆಯಲ್ಲಿ ನೀವು ಒಂದು ಮಾತು ಹೇಳಿದರೆ ದೊಡ್ಡ ಉಪಕಾರ. ಈ ಮಕ್ಕಳಿಗೆ ಸದ್ಯ ಬೇಕಾದ್ದು ಗಣಿತ, ಎರಡು ಭಾಷೆಯಲ್ಲಿ ಗಟ್ಟಿಯಾಗಿ ಓದಿ ಬರೆಯುವುದು. ಎಐ ಅದರ ಮೇಲೆ ಕೂರುತ್ತದೆ.

ಮೊದಲ ತಿಂಗಳು ಹೀಗೆ ಮಾಡಿ: ಒಂದು ವಾರ ಚೀಟಿ ಆಟ, ಎರಡು ವಾರ ಲೋಟ, ನಾಲ್ಕನೇ ವಾರ ವಚನ. ಹೀರೆಕಾಯಿ ನೆಟ್ ಬಂದ ದಿನ. ಲೋಟ ತರುವಾಗ ಒಳಗಿನ ಮಣಿ ಹೊರಗೆ ಕಾಣದಂಥದ್ದು ತನ್ನಿ, ಪ್ಲಾಸ್ಟಿಕ್ ಬೇಡ. ಮಣಿಗಳು ಒಂದೇ ಸೈಜಿನವು ಇರಲಿ. ಸೈಜು ಬೇರೆಯಾದರೆ ಮಕ್ಕಳು ಮುಟ್ಟಿಯೇ ಬಣ್ಣ ಕಂಡುಹಿಡಿದು ಯಂತ್ರದ ಪರವಾಗಿ ಆಡಿಬಿಡುತ್ತಾರೆ.